ಊರಿನ ಹೆಸರಿನಿಂದ ಊರಿನ ಸ್ಥಾನಕ್ಕೆ: ಮುಕ್ತ ನಕ್ಷೆಯ ದತ್ತಾಂಶವೂ ನಮ್ಮದೇ ವಿಳಾಸ ದತ್ತಸಂಚಯವೂ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ನಡುರಾತ್ರಿ 108ಕ್ಕೆ ಕರೆ ಮಾಡಿದವರನ್ನು ಆ ಕಡೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಯಾವ ಊರು ಎಂಬುದು. 'ಹೊಸಹಳ್ಳಿ' ಎಂದು ಉತ್ತರ ಬರುತ್ತದೆ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಮ್ಮ ರಾಜ್ಯದಲ್ಲಿ ಎಷ್ಟಿವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುವುದೂ ಉಂಟು. ಕರೆ ಮಾಡಿದವರು ಹೊಸಹಳ್ಳಿಯವರಾಗಿರದೆ, ಅದರಿಂದ ಎರಡು ಕಿಲೋಮೀಟರ್ ದೂರದ ಗೊಲ್ಲರಹಟ್ಟಿಯವರೋ ತಾಂಡಾದವರೋ ಆಗಿದ್ದರೆ ಕಷ್ಟ ಇನ್ನೂ ಹೆಚ್ಚುತ್ತದೆ. ಏಕೆಂದರೆ ಅವರ ಊರಿನ ಹೆಸರು ಅನೇಕ ವೇಳೆ ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಹೆಸರನ್ನು ಕೊಟ್ಟರೆ ಸ್ಥಾನವನ್ನು ತೋರಿಸುವ, ಸ್ಥಾನವನ್ನು ಕೊಟ್ಟರೆ ಹೆಸರನ್ನು ಹೇಳುವ ವ್ಯವಸ್ಥೆಯೊಂದನ್ನು ಜಿಲ್ಲಾ ಪಂಚಾಯತಿಯ ಸ್ವಂತ ಗಣಕದಲ್ಲಿ ಸ್ಥಾಪಿಸಲು ಉದ್ದೇಶಿಸಲಾಗಿದೆ. ಅದು ಹೇಗೆ ಸಿದ್ಧವಾಗುತ್ತದೆ, ಅದರಲ್ಲಿ ಗ್ರಾಮ ಪಂಚಾಯತಿಯ ಪಾತ್ರ ಏನು ಎಂಬುದನ್ನು ಈ ದಿನ ತಮ್ಮ ಮುಂದೆ ಇಡಬಯಸುತ್ತೇನೆ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಜಿಯೋಕೋಡಿಂಗ್ ಎನ್ನುತ್ತಾರೆ. ನಾವು ವಿಳಾಸಶೋಧ ಎನ್ನೋಣ. ಮೊಬೈಲಿನಲ್ಲಿ ಊರಿನ ಹೆಸರು ಬರೆದು ದಾರಿ ಹುಡುಕುವಾಗ ನಾವೆಲ್ಲರೂ ಇದನ್ನು ಬಳಸಿಯೇ ಇದ್ದೇವೆ. ಹಾಗಾದರೆ ಪುಕ್ಕಟೆಯಾಗಿ ದೊರಕುವ ಸೇವೆಯಿರುವಾಗ ನಮ್ಮದೇ ಒಂದು ಏಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ಮುಖ್ಯವಾದ ಉತ್ತರ ಇದು: ನಾವು ಕೇಳುವ ಪ್ರಶ್ನೆಯೇ ಒಂದು ಮಾಹಿತಿ. ಸಂಧ್ಯಾ ಸುರಕ್ಷಾ ಪಿಂಚಣಿದಾರರ ವಿಳಾಸಗಳನ್ನು, ಅಂಗವಿಕಲರ ಪಟ್ಟಿಯನ್ನು, ಗರ್ಭಿಣಿಯರ ಮನೆಗಳ ವಿವರವನ್ನು ನಕ್ಷೆಯ ಮೇಲೆ ಗುರುತಿಸಬೇಕೆಂದು ಹೊರಗಿನ ಸೇವೆಯೊಂದಕ್ಕೆ ಒಪ್ಪಿಸಿದರೆ, ಆ ಪಟ್ಟಿ ನಮ್ಮ ಕಚೇರಿಯಿಂದ ಹೊರಗೆ ಹೋದಂತೆಯೇ ಸರಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ರಲ್ಲಿ ಬಂದಿದೆ. ಅದು ಬರದಿದ್ದರೂ ಬಡವರ ಪಟ್ಟಿಯನ್ನು ಜೋಪಾನವಾಗಿ ಇಡುವುದು ಪಂಚಾಯತಿಯ ಹೊಣೆಯೇ ಆಗಿತ್ತು. ನಮ್ಮ ಗಣಕದಲ್ಲಿಯೇ ಹುಡುಕಾಟ ನಡೆದರೆ ಪ್ರಶ್ನೆಯೂ ಉತ್ತರವೂ ಕಚೇರಿಯ ಗೋಡೆಗಳ ಒಳಗೇ ಉಳಿಯುತ್ತವೆ.

ಇನ್ನೊಂದು ಕಾರಣ ವ್ಯಾವಹಾರಿಕವಾದದ್ದು. ಮುಕ್ತ ನಕ್ಷೆಯವರು ಸಾರ್ವಜನಿಕರಿಗಾಗಿ ನಡೆಸುವ ಹುಡುಕಾಟದ ಸೇವೆ ಇದೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕೇಳಬಾರದೆಂಬುದು ಅದರ ನಿಯಮ. ಒಂದು ಲಕ್ಷ ವಿಳಾಸಗಳನ್ನು ಆ ವೇಗದಲ್ಲಿ ಕೇಳುತ್ತಾ ಹೋದರೆ 27 ಗಂಟೆಗೂ ಹೆಚ್ಚು ಕಾಲ ಬೇಕು. ಮೇಲಾಗಿ, ಹಾಗೆ ರಾಶಿಗಟ್ಟಲೆ ಕೇಳುವವರು ಸ್ವಂತ ವ್ಯವಸ್ಥೆ ಮಾಡಿಕೊಳ್ಳಲಿ ಎಂದೇ ಅವರ ಅಪೇಕ್ಷೆ. ದಾನಿಗಳ ಹಣದಲ್ಲಿ ನಡೆಯುವ ಅರವಟ್ಟಿಗೆಗೆ ಟ್ಯಾಂಕರ್ ತೆಗೆದುಕೊಂಡು ಹೋಗಿ ನಿಲ್ಲಿಸುವುದು ಉಚಿತವಲ್ಲ.

ಮುಕ್ತ ನಕ್ಷೆ ಎಂದೆನು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಅದರ ಹೆಸರು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಇದನ್ನು ಆರಂಭಿಸಿದರು. ಅಲ್ಲಿ ಸರ್ಕಾರದ ಭೂಮಾಪನ ಸಂಸ್ಥೆಯ ನಕ್ಷೆಗಳನ್ನು ಜನರು ಹಣ ಕೊಟ್ಟೇ ಪಡೆಯಬೇಕಾಗಿದ್ದ ಕಾಲ ಅದು. ತಮ್ಮ ಬೀದಿಯನ್ನು ತಾವೇ ಅಳೆದು ಎಲ್ಲರಿಗೂ ಸೇರಿದ ನಕ್ಷೆಯೊಂದನ್ನು ಮಾಡೋಣ ಎಂಬುದು ಅವರ ಆಲೋಚನೆ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ರಾಜಧಾನಿಯ ಬೀದಿಗಳಿಗೆ ಬಳಕೆಗೆ ಯೋಗ್ಯವಾದ ನಕ್ಷೆ ಇರಲಿಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಅದನ್ನು ಬರೆದರು. ರಕ್ಷಣಾ ತಂಡಗಳು ಅದನ್ನೇ ತಮ್ಮ ಉಪಕರಣಗಳಿಗೆ ತುಂಬಿಕೊಂಡು ಹೊರಟವು. 2018ರ ಪ್ರವಾಹದಲ್ಲಿ ನೆರೆಯ ಕೇರಳದಲ್ಲಿಯೂ ಸ್ವಯಂಸೇವಕರು ಹೀಗೆ ಕೆಲಸ ಮಾಡಿದರು. ನಮ್ಮಲ್ಲಿ ನಕ್ಷೆಯ ವಿಷಯದಲ್ಲಿದ್ದ ಕಟ್ಟುಪಾಡುಗಳನ್ನು ಭಾರತ ಸರ್ಕಾರ 2021ರ ಫೆಬ್ರವರಿಯ ಮಾರ್ಗಸೂಚಿಗಳಿಂದ ಬಹುಮಟ್ಟಿಗೆ ಸಡಿಲಿಸಿದೆ. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂದಿದೆ.

ಈ ನಕ್ಷೆಯ ದತ್ತಾಂಶವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಷರತ್ತಿಲ್ಲದೆ ಅಲ್ಲ. 2012ರಿಂದ ಜಾರಿಯಲ್ಲಿರುವ ಪರವಾನಗಿಯಂತೆ, ಇದು ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರಿಂದ ಪಡೆದದ್ದು ಎಂದು ಸ್ಪಷ್ಟವಾಗಿ ನಮೂದಿಸಬೇಕು; ಆ ದತ್ತಸಂಚಯವನ್ನು ತಿದ್ದಿ ಬೆಳೆಸಿ ಹೊರಗೆ ಹಂಚುವುದಾದರೆ ಅದೇ ಪರವಾನಗಿಯಡಿಯಲ್ಲಿ ಹಂಚಬೇಕು. ಈ ಎರಡನೆಯ ಷರತ್ತಿಗೂ ನಮ್ಮ ಡಿಮ್ಯಾಂಡ್ ರಿಜಿಸ್ಟರಿಗೂ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ದತ್ತಾಂಶದ ಸ್ವರೂಪ. ಇದರಲ್ಲಿ ಇರುವುದು ಮೂರೇ ಬಗೆಯ ವಸ್ತುಗಳು. ಅಕ್ಷಾಂಶ ರೇಖಾಂಶಗಳುಳ್ಳ ಬಿಂದು. ಬಿಂದುಗಳನ್ನು ಸಾಲಾಗಿ ಪೋಣಿಸಿದ ರೇಖೆ. ಹಲವು ರೇಖೆ ಬಿಂದುಗಳನ್ನು ಒಟ್ಟುಗೂಡಿಸಿದ ಸಂಬಂಧ. ಕೊಳವೆಬಾವಿ ಬಿಂದುವಾದೀತು, ರಸ್ತೆ ರೇಖೆಯಾದೀತು, ತಾಲ್ಲೂಕಿನ ಗಡಿ ಅನೇಕ ರೇಖೆಗಳ ಸಂಬಂಧವಾದೀತು. ಪ್ರತಿಯೊಂದಕ್ಕೂ ಚೀಟಿಗಳನ್ನು ಅಂಟಿಸಿರುತ್ತಾರೆ: ಇದು ಗ್ರಾಮ, ಇದರ ಹೆಸರು ಇದು, ಕನ್ನಡದಲ್ಲಿ ಹೀಗೆ, ಹಿಂದಿನ ಹೆಸರು ಹೀಗೆ ಎಂದು. ಇಷ್ಟರಿಂದಲೇ ಇಡೀ ಪ್ರಪಂಚದ ನಕ್ಷೆ ನಿಂತಿದೆ.

ಇಡೀ ಪ್ರಪಂಚ ನಮಗೆ ಬೇಕಿಲ್ಲ. ಹಾಗೆ ತುಂಬಿಸಬೇಕೆಂದರೆ ಕೈಪಿಡಿಯ ಪ್ರಕಾರ 128 ಜಿಬಿ ಸ್ಮರಣೆಯೂ ಸುಮಾರು ಒಂದು ಟಿಬಿ ಸಂಗ್ರಹ ಸ್ಥಳವೂ ಇರುವ ಯಂತ್ರ ಬೇಕು. ಜರ್ಮನಿಯ ಜಿಯೋಫ್ಯಾಬ್ರಿಕ್ ಎಂಬ ಸಂಸ್ಥೆ ಪ್ರಪಂಚದ ದತ್ತಾಂಶವನ್ನು ದೇಶವಾರು, ವಲಯವಾರು ತುಂಡು ಮಾಡಿ ಪ್ರತಿದಿನ ಹೊಸದಾಗಿ ಒದಗಿಸುತ್ತದೆ. ಭಾರತದ ದಕ್ಷಿಣ ವಲಯ ಎಂಬ ಕಡತದಲ್ಲಿ ಕರ್ನಾಟಕವೂ ನೆರೆಯ ದಕ್ಷಿಣ ರಾಜ್ಯಗಳೂ ಸೇರಿವೆ. ಇದಕ್ಕೆ ಅಷ್ಟು ದೊಡ್ಡ ಯಂತ್ರ ಅನಾವಶ್ಯಕ. ಆದರೆ ಯಂತ್ರವನ್ನು ಕೊಳ್ಳುವಾಗ ಹಳೆಯ ತಿರುಗು ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲೇಬೇಕೆಂದು ಬೇಡಿಕೆಪಟ್ಟಿಯಲ್ಲಿ ನಮೂದಿಸುವುದು ಒಳ್ಳೆಯದು. ತುಂಬುವ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು ಲೆಕ್ಕಕ್ಕಲ್ಲ, ಡಿಸ್ಕಿನಿಂದ ಓದುವುದಕ್ಕೂ ಬರೆಯುವುದಕ್ಕೂ. ಉಳಿದ ತಂತ್ರಾಂಶಗಳಿಗೆಲ್ಲ ಬೆಲೆ ಇಲ್ಲ: ಲಿನಕ್ಸ್, ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ, ಅದಕ್ಕೆ ಭೂಗೋಳದ ಜ್ಞಾನ ಕೊಡುವ ಪೋಸ್ಟ್‌ಜಿಐಎಸ್, ಇವುಗಳ ಮೇಲೆ ಕುಳಿತು ಹುಡುಕಾಟ ನಡೆಸುವ ನಾಮಿನೇಟಿಮ್. ಈ ಕೊನೆಯದು ಲ್ಯಾಟಿನ್ ಪದ. 'ಹೆಸರು ಹೆಸರಾಗಿ' ಎಂದು ಅರ್ಥ. ಹೆಸರಿಟ್ಟವರಿಗೆ ಕೆಲಸದ ಮರ್ಮ ತಿಳಿದಿತ್ತು ಎನ್ನಬೇಕು.

ಕಡತವನ್ನು ಇಳಿಸಿಕೊಂಡು ಆದೇಶ ನೀಡಿದ ನಂತರ ಯಂತ್ರದೊಳಗೆ ನಡೆಯುವುದು ಎರಡು ಹಂತದ ಕೆಲಸ. ಮೊದಲನೆಯದರಲ್ಲಿ ಕಡತದ ವಸ್ತುಗಳನ್ನೆಲ್ಲ ಓದಿ, ಹೆಸರೋ ಮನೆ ಸಂಖ್ಯೆಯೋ ಇದ್ದು ಹುಡುಕಾಟಕ್ಕೆ ಉಪಯೋಗವಾಗುವಂಥವನ್ನು ಮಾತ್ರ ಆಯ್ದು ಒಂದು ಕೋಷ್ಟಕಕ್ಕೆ ಇಳಿಸಲಾಗುತ್ತದೆ. ಇದು ಬೇಗ ಮುಗಿಯುತ್ತದೆ. ನಿಜವಾದ ಕೆಲಸ ಎರಡನೆಯ ಹಂತದ್ದು. ಅದನ್ನು ಸೂಚಿಕರಣ ಎನ್ನಬಹುದು. ಇಲ್ಲಿ ಪ್ರತಿಯೊಂದು ವಸ್ತುವಿಗೂ 0ಯಿಂದ 30ರವರೆಗೆ ಒಂದು ಶ್ರೇಣಿ ಇರುತ್ತದೆ. ದೇಶಕ್ಕೆ 4, ರಾಜ್ಯಕ್ಕೆ 8, ಹೀಗೆ ಇಳಿಯುತ್ತಾ ಬೀದಿಗೆ 26, ಮನೆಗೆ 30. ಯಂತ್ರ ಮೇಲಿನಿಂದ ಕೆಳಕ್ಕೆ ಬರುತ್ತದೆ. ದೊಡ್ಡ ಗಡಿಗಳನ್ನು ಮೊದಲು ಸ್ಥಿರಪಡಿಸಿಕೊಂಡು, ಆಮೇಲೆ ಪ್ರತಿಯೊಂದು ಊರನ್ನೂ ಎತ್ತಿಕೊಂಡು 'ನೀನು ಯಾವ ತಾಲ್ಲೂಕಿನ ಒಳಗಿದ್ದೀಯೆ, ಯಾವ ಜಿಲ್ಲೆಯ ಒಳಗಿದ್ದೀಯೆ' ಎಂದು ಕೇಳಿ ಉತ್ತರವನ್ನು ಬರೆದಿಡುತ್ತದೆ. ನಂತರ ಬೀದಿಗಳು, ಕಡೆಗೆ ಮನೆಗಳು, ಪ್ರತಿ ಮನೆಯನ್ನೂ ಅದರ ಬೀದಿಗೆ ಕಟ್ಟಿ. ಹುಡುಕುವವರು ಕೇಳುವುದಕ್ಕೆ ಮುಂಚೆಯೇ ಪ್ರತಿಯೊಬ್ಬರ ವಂಶವೃಕ್ಷವನ್ನು ಬರೆದಿಟ್ಟಂತೆ. ಹೀಗೆ ಮೊದಲೇ ಮಾಡಿಟ್ಟಿರುವುದರಿಂದಲೇ ಕೇಳಿದ ಕೂಡಲೇ ಉತ್ತರ ಬರುತ್ತದೆ.

ಸದಸ್ಯರು ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಊರಿನ ವಿಳಾಸವನ್ನು ಯಾರೂ ಕೈಯಿಂದ ಬರೆದಿರುವುದಿಲ್ಲ; ಗಡಿಯಿಂದ ಅದು ಹುಟ್ಟುತ್ತದೆ. ತಾಲ್ಲೂಕಿನ ಗಡಿರೇಖೆ ಎಲ್ಲಿಯಾದರೂ ತುಂಡಾಗಿದ್ದರೆ, ಸುತ್ತು ಮುಚ್ಚದೆ ಬಾಯಿ ತೆರೆದಿದ್ದರೆ, ಯಂತ್ರದ ಪಾಲಿಗೆ ಆ ತಾಲ್ಲೂಕು ಇಲ್ಲವೇ ಇಲ್ಲ. ಆಗ ಅದು ಸಮೀಪದ ದೊಡ್ಡ ಊರನ್ನು ಆಧಾರವಾಗಿ ಹಿಡಿಯುತ್ತದೆ. ಗಡಿಯಂಚಿನ ಹಳ್ಳಿ ಪಕ್ಕದ ತಾಲ್ಲೂಕಿನ ಪೇಟೆಗೆ ಹತ್ತಿರವಿದ್ದರೆ ಅಲ್ಲಿಗೇ ಸೇರಿಹೋಗುತ್ತದೆ. ಈಚಿನ ವರ್ಷಗಳಲ್ಲಿ ರಚನೆಯಾದ ಹೊಸ ತಾಲ್ಲೂಕುಗಳಲ್ಲಿ ಇದು ಹೆಚ್ಚು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾದಾಗ ರಾಜ್ಯದ ಜಿಲ್ಲೆಗಳು 31 ಆದವು; ಅಂಥ ಬದಲಾವಣೆಯೊಂದನ್ನು ಯಾರಾದರೂ ನಕ್ಷೆಯಲ್ಲಿ ಕುಳಿತು ತಿದ್ದುವವರೆಗೆ ಯಂತ್ರ ಹಳೆಯ ಜಿಲ್ಲೆಯನ್ನೇ ಹೇಳುತ್ತಿರುತ್ತದೆ. ರಾಜಪತ್ರದ ಅಧಿಸೂಚನೆಯನ್ನು ಯಂತ್ರ ಓದುವುದಿಲ್ಲ.

ಹೆಸರುಗಳ ವಿಚಾರಕ್ಕೆ ಬರೋಣ. ನಮ್ಮ ಕೆಲಸದ ತಿರುಳು ಇರುವುದು ಇಲ್ಲಿ.

ನಾಮಿನೇಟಿಮ್ ಹೆಸರನ್ನು ಹೋಲಿಸುವ ಮುನ್ನ, ಯಾವ ಲಿಪಿಯಲ್ಲಿದ್ದರೂ ಅದನ್ನು ಒಳಗೊಳಗೇ ಲ್ಯಾಟಿನ್ ಅಕ್ಷರಗಳಿಗೆ ಇಳಿಸಿಕೊಳ್ಳುತ್ತದೆ. ಆದ್ದರಿಂದ ಕನ್ನಡದಲ್ಲಿ ಹುಡುಕಿದರೂ ಕೆಲವು ವೇಳೆ ಇಂಗ್ಲಿಷಿನಲ್ಲಿ ದಾಖಲಾದ ಊರು ಸಿಕ್ಕೀತು. ಆದರೆ ಎಲ್ಲವೂ ಸಿಗುವುದಿಲ್ಲ. 'ಶಿವಮೊಗ್ಗ'ದ 'ಶ' ಯಂತ್ರದ ಲಿಪ್ಯಂತರದಲ್ಲಿ ಬರಿಯ ಎಸ್ ಆಗಿ ನಿಲ್ಲುತ್ತದೆ. ನಾವು ಇಂಗ್ಲಿಷಿನಲ್ಲಿ ಎಸ್ ಮತ್ತು ಎಚ್ ಸೇರಿಸಿ ಬರೆಯುತ್ತೇವೆ. ಮನುಷ್ಯನಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಊರು. 'ಹಳ್ಳಿ' ಎಂಬ ಪದದ ಕೊನೆಯ ಅಕ್ಷರವನ್ನು ಒಬ್ಬ ಗುಮಾಸ್ತರು ಐ ಎಂದು ಬರೆದರೆ ಇನ್ನೊಬ್ಬರು ವೈ ಎಂದು ಬರೆದಿರುತ್ತಾರೆ. ಕಾಗುಣಿತ ತಪ್ಪಿದರೂ ಊಹಿಸಿಕೊಳ್ಳುವ ಗುಣ ಈ ತಂತ್ರಾಂಶಕ್ಕೆ ಹೆಚ್ಚಾಗಿ ಇಲ್ಲ. ಹೀಗಾಗಿ ಮೂಲ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ರೂಢಿಯ ಇತರ ರೂಪಗಳು, ಇವಿಷ್ಟನ್ನೂ ಬೇರೆ ಬೇರೆ ಚೀಟಿಗಳಲ್ಲಿ ಬರೆದಿಟ್ಟರೆ ಮಾತ್ರ ಹುಡುಕಾಟ ಫಲಿಸುತ್ತದೆ. ನಮ್ಮ ನಾಡಿನ ಅನೇಕ ಊರುಗಳಿಗೆ ಮುಕ್ತ ನಕ್ಷೆಯಲ್ಲಿ ಇಂಗ್ಲಿಷ್ ಹೆಸರಷ್ಟೇ ಇದೆ, ಕನ್ನಡದ ಚೀಟಿ ಖಾಲಿ. ಕನ್ನಡದ ಊರಿಗೆ ಕನ್ನಡದ ಹೆಸರು ತುಂಬಿಸಲು ಜರ್ಮನಿಯವರು ಬರಬೇಕಾಗಿಲ್ಲ.

ಹಳೆಯ ಹೆಸರನ್ನು ಅಳಿಸಬಾರದು ಎಂಬುದನ್ನೂ ಹೇಳಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಬದಲಾದವು. ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ಅದಕ್ಕೆ ಮುಂಚಿನ ಪಡಿತರ ಚೀಟಿಗಳಲ್ಲಿ, ಕ್ರಯಪತ್ರಗಳಲ್ಲಿ, ಶಾಲಾ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಹಿಂದಿನ ಹೆಸರಿಗೆಂದೇ ಮುಕ್ತ ನಕ್ಷೆಯಲ್ಲಿ ಪ್ರತ್ಯೇಕ ಚೀಟಿ ಇದೆ. ಅಲ್ಲಿ ಅದನ್ನು ಉಳಿಸಿದರೆ ಹಳೆಯ ಕಾಗದ ಹಿಡಿದು ಬಂದವರೂ ಸರಿಯಾದ ಜಾಗಕ್ಕೆ ತಲುಪುತ್ತಾರೆ.

ಇನ್ನು, ಹೆಸರೇ ದಾಖಲಾಗದ ಊರುಗಳು. ಚಿತ್ರದುರ್ಗ, ತುಮಕೂರು ಕಡೆಯ ಹಟ್ಟಿಗಳು, ವಿಜಯಪುರ ಕಲಬುರಗಿ ಕಡೆಯ ತಾಂಡಾಗಳು, ಕೊಡಗು ಹಾಗೂ ಹೆಗ್ಗಡದೇವನಕೋಟೆಯ ಹಾಡಿಗಳು, ಸಿಂಧನೂರು ಗಂಗಾವತಿ ಕಡೆಯ ಕ್ಯಾಂಪುಗಳು, ಮೈಸೂರು ಮಂಡ್ಯದ ಕೊಪ್ಪಲುಗಳು. ಇವುಗಳಲ್ಲಿ ಅನೇಕವು ಕಂದಾಯ ಗ್ರಾಮಗಳಾಗಿರದೆ ಇನ್ನೊಂದು ಗ್ರಾಮದ ಸರ್ವೆ ನಂಬರುಗಳ ಒಳಗೆ ಅಡಗಿಕೊಂಡಿದ್ದವು. ದಾಖಲೆ ರಹಿತ ಜನವಸತಿ ಎಂಬುದು ಕಚೇರಿಯ ಮಾತು. ತಲೆಮಾರುಗಳಿಂದ ಅಲ್ಲಿ ಒಲೆ ಉರಿಸುತ್ತಿದ್ದವರಿಗೆ ಅದು ಊರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಇಂಥ ಸುಮಾರು 1475 ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಗಿದ್ದು, 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರಗಳ ವಿತರಣೆ ನಡೆಯಿತು. ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ. ಬೇಚರಾಕ್ ಗ್ರಾಮಗಳೆಂದು ನೀವು ಕೇಳಿದ್ದೀರಿ: ದಾಖಲೆಯಲ್ಲಿ ಊರು ಇದೆ, ಸ್ಥಳದಲ್ಲಿ ಒಂದು ಮನೆಯೂ ಇಲ್ಲ. ಕಾಗದದ ಪಟ್ಟಿಯನ್ನಷ್ಟೇ ನಂಬಿ ದತ್ತಸಂಚಯ ತುಂಬಿದರೆ ಜನರಿಲ್ಲದ ಊರಿಗೆ ವಿಳಾಸ ದೊರಕುತ್ತದೆ, ಜನರಿರುವ ಊರಿಗೆ ದೊರಕುವುದಿಲ್ಲ.

ಮುಕ್ತ ನಕ್ಷೆಯ ಮೂಲ ನಿಯಮ ಇಲ್ಲಿ ನಮ್ಮ ನೆರವಿಗೆ ಬರುತ್ತದೆ: ಸ್ಥಳದಲ್ಲಿ ಏನಿದೆಯೋ ಅದನ್ನು ಬರೆಯಬೇಕು. ಜನ ವಾಸವಾಗಿರುವ ಜಾಗಕ್ಕೆ ಜನ ಕರೆಯುವ ಹೆಸರನ್ನು ಬರೆಯಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಆದರೆ ಇದರಿಂದ ಹಕ್ಕು ಬರುವುದಿಲ್ಲ ಎಂಬುದನ್ನು ಜನರಿಗೆ ಸ್ಪಷ್ಟಪಡಿಸುವುದೂ ನಿಮ್ಮ ಕರ್ತವ್ಯ. ನಕ್ಷೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಟ್ಟಿ ಕಂದಾಯ ಗ್ರಾಮವಾಗದು, ಮನೆಗೆ ಇ-ಸ್ವತ್ತು ಆಗದು. ಗಾಡಿ ಬರುತ್ತದೆ, ಅಷ್ಟೇ. ಆ ಅಷ್ಟೇ ಎಂಬುದು ಹೆರಿಗೆಯ ನೋವಿನಲ್ಲಿರುವ ಹೆಣ್ಣುಮಗಳಿಗೆ ಕಡಿಮೆಯದಲ್ಲ.

ಮಲೆನಾಡು ಕರಾವಳಿಯ ಸದಸ್ಯರನ್ನು ಭೇಟಿಯಾದಾಗ ಬೇರೆಯದೇ ತೊಡಕು ಕೇಳಿಬರುತ್ತದೆ. ಬಯಲುಸೀಮೆಯಲ್ಲಿ ಊರೆಂದರೆ ಮನೆಗಳ ಗುಂಪು. ಮಧ್ಯದಲ್ಲಿ ಒಂದು ಬಿಂದು ಇಟ್ಟರೆ ಸಾಕು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಗ್ರಾಮ ಎಂಬುದು ಒಂದು ಹರವು. ಮನೆಗಳು ತೋಟದ ನಡುವೆ ಒಂದೊಂದಾಗಿ ಚದುರಿರುತ್ತವೆ, ಪ್ರತಿ ಮನೆಗೂ ಅದರದೇ ಹೆಸರು. ಅಲ್ಲಿ ಗ್ರಾಮದ ಬಿಂದುವನ್ನು ನಂಬಿ ಹೊರಟವರು ನಿಲ್ಲುವುದು ಯಾರ ಮನೆಯೂ ಇಲ್ಲದ ಗುಡ್ಡದ ಮೇಲೆ. ಅಂಥ ಕಡೆ ಗಡಿಯನ್ನೂ, ಸಣ್ಣ ಸಣ್ಣ ಸ್ಥಳನಾಮಗಳನ್ನೂ, ರಸ್ತೆಗಳ ಹೆಸರುಗಳನ್ನೂ ದಾಖಲಿಸುವುದೇ ದಾರಿ. ಅಂಚೆ ಇಲಾಖೆ 2025ರಲ್ಲಿ ಜಾರಿಗೆ ತಂದ ಡಿಜಿಪಿನ್ ಎಂಬ ಹತ್ತು ಅಕ್ಷರಗಳ ಸಂಕೇತ ಸುಮಾರು ನಾಲ್ಕು ಮೀಟರ್ ಚೌಕವನ್ನೂ ಗುರುತಿಸಬಲ್ಲದು. ಒಳ್ಳೆಯದೇ. ಆದರೆ ಅದನ್ನು ಬಾಯಿಪಾಠ ಮಾಡಿಕೊಂಡು ಫೋನಿನಲ್ಲಿ ಹೇಳುವ ಅಜ್ಜಿಯನ್ನು ನಾನು ನೆಚ್ಚಿಕೊಂಡಿಲ್ಲ. ಹೆಸರಿನ ಕೆಲಸ ಹೆಸರೇ ಮಾಡಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ ಕೇರಿಗಳ ಹೆಸರು. ಜಾತಿಯನ್ನು ಎತ್ತಿ ಹೇಳುವ ಕೇರಿಯ ಹೆಸರುಗಳು ನಮ್ಮ ಊರುಗಳಲ್ಲಿ ಇವೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇರುವುದನ್ನು ಬರೆಯಬೇಕೆಂಬ ನಿಯಮವನ್ನು ಅಕ್ಷರಶಃ ಹಿಡಿದರೆ, ಊರಿನವರು ಬಾಯಲ್ಲಿ ಆಡುವ ಆ ಹೆಸರು ಪ್ರಪಂಚದ ನಕ್ಷೆಯಲ್ಲಿ ಅಚ್ಚಾಗುತ್ತದೆ. ಅಲ್ಲಿಯ ಹುಡುಗ ನೌಕರಿಗೆ ಅರ್ಜಿ ಹಾಕುವಾಗ ಅವನ ವಿಳಾಸದ ಜೊತೆಗೇ ಹೋಗುತ್ತದೆ. ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಜಾತಿಸೂಚಕವಾದ ವಸತಿಗಳ ಹೆಸರುಗಳನ್ನು ಬದಲಿಸಲು ತೀರ್ಮಾನಿಸಿತು. ಇಲ್ಲಿ ನನ್ನ ಅಭಿಪ್ರಾಯ ಇಷ್ಟು: ಇಂಥ ಹೆಸರನ್ನು ಹೊರಗಿನಿಂದ ಬಂದ ಸಮೀಕ್ಷಕರು ಕೇಳಿದವರ ಬಾಯಿಂದ ಬರೆದುಕೊಂಡು ಹೋಗಬಾರದು. ಆ ಕೇರಿಯ ನಿವಾಸಿಗಳು ತಮ್ಮನ್ನು ತಾವು ಹೇಗೆ ಕರೆದುಕೊಳ್ಳುತ್ತಾರೆ ಎಂಬುದನ್ನು ವಾರ್ಡ್ ಸಭೆಯಲ್ಲಿ ಅವರಿಂದಲೇ ಕೇಳಬೇಕು. ಕೆಲವರು ಅಂಬೇಡ್ಕರ್ ನಗರ ಎಂದಾರು, ಕೆಲವರು ಹಳೆಯ ಹೆಸರೇ ನಮಗೆ ಅಭಿಮಾನದ್ದು ಎಂದಾರು. ಅವರ ಉತ್ತರವೇ ಕೊನೆಯದು. ಊರ ಮೇಲಿನ ಕೇರಿಯವರ ಉತ್ತರ ಅಲ್ಲ. ಸಭೆ ಒಪ್ಪಿದ ಹೆಸರಿನ ನಾಮಫಲಕವನ್ನು ಪಂಚಾಯತಿ ನಿಲ್ಲಿಸಿದರೆ ಸ್ಥಳದಲ್ಲಿರುವುದೂ ಅದೇ ಆಗುತ್ತದೆ, ನಕ್ಷೆಯಲ್ಲಿ ಬರೆಯುವುದೂ ಅದೇ ಆಗುತ್ತದೆ.

ಏನನ್ನು ಬರೆಯಬಾರದು ಎಂಬುದನ್ನು ಈಗ ಹೇಳುತ್ತೇನೆ. ಮನೆಯ ಸಂಖ್ಯೆಯನ್ನು ಮುಕ್ತ ನಕ್ಷೆಗೆ ಸೇರಿಸಬಹುದು. ಮನೆಯ ಯಜಮಾನರ ಹೆಸರನ್ನು, ದೂರವಾಣಿಯನ್ನು, ಕುಟುಂಬದ ವಿವರವನ್ನು ಎಂದಿಗೂ ಸೇರಿಸಬಾರದು. ಒಮ್ಮೆ ಸೇರಿದರೆ ಅದು ಎಲ್ಲ ದೇಶಗಳ ಎಲ್ಲ ಪ್ರತಿಗಳಿಗೂ ಹೋಗುತ್ತದೆ. ಅಳಿಸಿದರೂ ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ಡಿಮ್ಯಾಂಡ್ ರಿಜಿಸ್ಟರಿನ ಮಾಹಿತಿ ನಮ್ಮದೇ ಗಣಕದಲ್ಲಿ ಪ್ರತ್ಯೇಕ ಕೋಷ್ಟಕವಾಗಿಯೇ ಇರತಕ್ಕದ್ದು. ಮುಕ್ತ ನಕ್ಷೆಯ ದತ್ತಾಂಶದೊಂದಿಗೆ ಅದನ್ನು ಬೆರೆಸಿ ಒಂದೇ ಸಂಚಯ ಮಾಡಿ ಹೊರಗೆ ಕೊಟ್ಟರೆ, ಆಗಲೇ ಹೇಳಿದ ಷರತ್ತಿನಂತೆ ಅಷ್ಟನ್ನೂ ಮುಕ್ತವಾಗಿ ಹಂಚಬೇಕಾದ ಪ್ರಸಂಗ ಬರಬಹುದು. ಹಾಲನ್ನೂ ಮಜ್ಜಿಗೆಯನ್ನೂ ಬೇರೆ ಬೇರೆ ಪಾತ್ರೆಯಲ್ಲಿಡುವ ಎಚ್ಚರ ಬೇಕು. ಹಾಗೆಯೇ ಗೂಗಲ್ ನಕ್ಷೆಯಲ್ಲಿ ಕಂಡ ಹೆಸರನ್ನು ನೋಡಿ ಮುಕ್ತ ನಕ್ಷೆಗೆ ಬರೆಯಕೂಡದು. ಅದು ಅವರ ಸ್ವತ್ತು. ಇಲಾಖೆಗಳ ನಕ್ಷೆಗಳನ್ನೂ ಅವುಗಳ ಪರವಾನಗಿ ಅನುಮತಿಸಿದರೆ ಮಾತ್ರ ಬಳಸಬೇಕು. ನಮ್ಮ ಕಾಲಿನಿಂದ ನಡೆದು ನಮ್ಮ ಕಣ್ಣಿನಿಂದ ನೋಡಿದ್ದಕ್ಕೆ ಯಾರ ಅಪ್ಪಣೆಯೂ ಬೇಡ.

ನಕ್ಷೆಯನ್ನು ಮುದ್ರಿಸುವ ಕಚೇರಿಗಳಿಗೆ ಒಂದು ಮಾತು. ಮುಕ್ತ ನಕ್ಷೆಯಲ್ಲಿ ದೇಶದ ಉತ್ತರದ ಗಡಿಗಳು ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯಂತೆ ಇರುವುದಿಲ್ಲ. 1961ರ ಕಾಯ್ದೆಯಂತೆ ಇಲಾಖೆಯ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು ಅಪರಾಧ. ನಮ್ಮ ದತ್ತಸಂಚಯದಲ್ಲಿ ದಕ್ಷಿಣ ವಲಯ ಮಾತ್ರ ಇರುವುದರಿಂದ ಈ ಪ್ರಶ್ನೆ ಏಳುವುದಿಲ್ಲ. ಆದರೂ ಫಲಕಕ್ಕಾಗಿ ಇಡೀ ದೇಶದ ಚಿತ್ರವನ್ನು ಅಲ್ಲಿಂದ ತೆಗೆಯಬೇಡಿ.

ಒಮ್ಮೆ ತುಂಬಿಸಿದರೆ ಮುಗಿಯಿತೆಂದು ಭಾವಿಸಬಾರದು. ದತ್ತಸಂಚಯ ಎಂಬುದು ಇಳಿಸಿಕೊಂಡ ದಿನದ ಚಿತ್ರ. ನೀವು ಇಂದು ನಕ್ಷೆಯಲ್ಲಿ ಹಟ್ಟಿಯ ಹೆಸರು ಸೇರಿಸಿದರೆ ಅದು ಮೂಲದಲ್ಲಿ ಕೂಡಲೇ ಕಾಣುತ್ತದೆ. ನಮ್ಮ ಗಣಕಕ್ಕೆ ಬರುವುದು ನಾವು ಬದಲಾವಣೆಗಳ ಕಡತವನ್ನು ಎಳೆದುಕೊಂಡಾಗ. ದಿನಕ್ಕೊಮ್ಮೆ ಆ ಕಡತ ದೊರೆಯುತ್ತದೆ. ರಾತ್ರಿ ವೇಳೆ ತಾನಾಗಿಯೇ ನವೀಕರಣವಾಗುವಂತೆ ಏರ್ಪಾಡು ಮಾಡಬಹುದು. ಸರ್ವರ್ ಸ್ಥಾಪಿಸಿದ ಉತ್ಸಾಹ ಇಳಿದ ಮೇಲೆ ಈ ನವೀಕರಣ ನಿಂತುಹೋಗಿರುವುದನ್ನು ಯಾರೂ ಗಮನಿಸದಿರುವುದೇ ಇಂಥ ವ್ಯವಸ್ಥೆಗಳಿಗೆ ಬರುವ ಸಾಮಾನ್ಯ ರೋಗ. ಆದ್ದರಿಂದ ಹುಡುಕಾಟದ ಪುಟದ ಮೇಲ್ಭಾಗದಲ್ಲಿಯೇ 'ದತ್ತಾಂಶ ಈ ದಿನಾಂಕದವರೆಗೆ' ಎಂದು ತೋರಿಸುವುದು ಕಡ್ಡಾಯವಾಗಬೇಕು. ಜೊತೆಗೆ ಗುತ್ತಿಗೆದಾರರಿಗೆ ಒಂದು ಸೂಚನೆ ಅಗತ್ಯ. ನಾಮಿನೇಟಿಮ್ ಪ್ರತಿಯೊಂದು ವಸ್ತುವಿಗೆ ಒಂದು ಆಂತರಿಕ ಸಂಖ್ಯೆ ಕೊಡುತ್ತದೆ; ಮತ್ತೆ ಹೊಸದಾಗಿ ತುಂಬಿಸಿದರೆ ಅದು ಬದಲಾಗುತ್ತದೆ. ಅದನ್ನು ನಮ್ಮ ರಿಜಿಸ್ಟರುಗಳಲ್ಲಿ ಗುರುತಾಗಿ ಬಳಸಿದರೆ ಒಂದು ದಿನ ಎಲ್ಲ ಊರುಗಳೂ ಅದಲುಬದಲಾಗುತ್ತವೆ. ಪ್ರತಿ ಗ್ರಾಮಕ್ಕೂ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯಲ್ಲಿ ಎಲ್‌ಜಿಡಿ ಸಂಕೇತ ಇದ್ದೇ ಇದೆ. ನಮ್ಮ ಲೆಕ್ಕಕ್ಕೆ ಅದೇ ಆಧಾರವಾಗಿರಲಿ. ಹುಡುಕಾಟವನ್ನು ನಮ್ಮ ಜಿಲ್ಲೆಯ ಚೌಕಟ್ಟಿನೊಳಗೆ ಸೀಮಿತಗೊಳಿಸುವ ಸೌಲಭ್ಯವೂ ಇದೆ. ಅದನ್ನು ಬಳಸದಿದ್ದರೆ 'ಹೊಸಹಳ್ಳಿ' ಎಂದಾಗ ಹೆಚ್ಚು ಪ್ರಸಿದ್ಧವಾದ ಹೊಸಹಳ್ಳಿ ಮೊದಲು ಬರುತ್ತದೆ, ನಮ್ಮದು ಹಿಂದೆ ಸರಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮಿಂದ ಅಪೇಕ್ಷಿಸುವುದೇನು? ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಜನವಸತಿಗಳ ಒಂದು ಪಟ್ಟಿ ಮಾಡಬೇಕು. ಜನ ಕರೆಯುವ ಹೆಸರು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ರೂಢಿಯಲ್ಲಿರುವ ಬರಹ. ಹಳೆಯ ಹೆಸರು ಇದ್ದರೆ ಅದು. ಯಾವ ಕಂದಾಯ ಗ್ರಾಮಕ್ಕೆ ಸೇರಿದೆ ಎಂಬುದು. ಅದರ ಎಲ್‌ಜಿಡಿ ಸಂಕೇತವನ್ನು ಪಿಡಿಒ ಅವರು ತುಂಬಿಸುತ್ತಾರೆ. ನಂತರ ಊರಿನ ನಡುವೆ ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ, ಅಂಗನವಾಡಿಯೋ ಓವರ್‌ಹೆಡ್ ಟ್ಯಾಂಕೋ ಬಸ್ ನಿಲ್ಲುವ ಕಟ್ಟೆಯೋ, ಬಯಲಿನಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಓದಿಕೊಳ್ಳಬೇಕು. ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲ್ ಸುಮಾರು ಐದು ಮೀಟರಿನ ಅಂತರದಲ್ಲಿ ಸರಿಯಾಗಿ ಹೇಳುತ್ತದೆ. ಮರದ ಕೆಳಗೆ, ಗೋಡೆಯ ಮಗ್ಗುಲಲ್ಲಿ ಹೆಚ್ಚು ತಪ್ಪುತ್ತದೆ. ಬರೆದುಕೊಂಡ ಮೇಲೆ ಒಂದು ಸುಲಭದ ಪರೀಕ್ಷೆ ಇದೆ. ನಮ್ಮ ರಾಜ್ಯದಲ್ಲಿ ಅಕ್ಷಾಂಶ ಸುಮಾರು 11.5ರಿಂದ 18.5ರ ಒಳಗೆ, ರೇಖಾಂಶ 74ರಿಂದ 78.5ರ ಒಳಗೆ ಇರುತ್ತದೆ. ಎರಡನ್ನೂ ಅದಲುಬದಲು ಮಾಡಿ ಬರೆದರೆ ನಿಮ್ಮ ಊರು ಉತ್ತರ ಧ್ರುವದ ಕಡೆಯ ಹಿಮಸಮುದ್ರದಲ್ಲಿ ಹೋಗಿ ಕುಳಿತುಕೊಳ್ಳುತ್ತದೆ.

ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಿದ್ದುಪಡಿಗಳಿದ್ದರೆ ಬರೆಸಿ, ನಡಾವಳಿಯಲ್ಲಿ ದಾಖಲಿಸಬೇಕು. ಅದಾದ ನಂತರವೇ ಅದನ್ನು ಮುಕ್ತ ನಕ್ಷೆಗೆ ಸೇರಿಸುವುದು. ಮೊಬೈಲಿನ ಎವೆರಿ ಡೋರ್ ಮುಂತಾದ ಆ್ಯಪ್‌ಗಳಿಂದಲೂ ಗಣಕದ ಬ್ರೌಸರಿನಿಂದಲೂ ಇದನ್ನು ಮಾಡಬಹುದು. ಸೇರಿಸುವವರು ತಮ್ಮ ತಮ್ಮ ಖಾತೆಯಿಂದಲೇ ಸೇರಿಸಬೇಕು. ಕಚೇರಿಯ ಪರವಾಗಿ ಹಲವರು ಸೇರಿ ಮಾಡುವ ಕೆಲಸವಾದ್ದರಿಂದ, ಸಂಘಟಿತ ಸಂಪಾದನೆಯ ಮಾರ್ಗಸೂಚಿಯಂತೆ ಆ ಸಮುದಾಯಕ್ಕೆ ಮುಂಚಿತವಾಗಿ ತಿಳಿಸುವ ಹೊಣೆ ಜಿಲ್ಲಾ ಪಂಚಾಯತಿಯದು. ಗ್ರಂಥಾಲಯದ ಮೇಲ್ವಿಚಾರಕರು, ಸ್ತ್ರೀಶಕ್ತಿ ಸಂಘದ ಸದಸ್ಯೆಯರು, ಪದವಿ ಓದುತ್ತಿರುವ ಊರಿನ ಮಕ್ಕಳು, ಯಾರಾದರೂ ಆಗಬಹುದು. ಆಶಾ ಕಾರ್ಯಕರ್ತೆಯರನ್ನು ಕೇಳದೆ ಮಾತ್ರ ಪಟ್ಟಿಯನ್ನು ಮುಗಿಸಬೇಡಿ. ಮಳೆಗಾಲದಲ್ಲಿ ಯಾವ ಹಳ್ಳ ತುಂಬಿ ಯಾವ ದಾರಿ ಕಟ್ಟುತ್ತದೆ, ಕಡೆಯ ಮನೆ ಎಲ್ಲಿದೆ ಎಂಬುದು ಅವರಿಗೆ ತಿಳಿದಷ್ಟು ನಮಗಾರಿಗೂ ತಿಳಿದಿಲ್ಲ.

ಒಂದು ಊರ ಹೆಸರಿನ ಬಗ್ಗೆ ಸಭೆಯಲ್ಲಿ ಒಮ್ಮತ ಬಾರದಿದ್ದರೆ ಬಲವಂತ ಮಾಡಬೇಡಿ. ಎರಡು ಹೆಸರುಗಳನ್ನೂ ಬರೆಯಿರಿ. ಎರಡಕ್ಕೂ ಸ್ಥಳವಿದೆ, ಯಾವುದರಿಂದ ಹುಡುಕಿದರೂ ಊರು ಸಿಗುತ್ತದೆ. ಪಟ್ಟಿಯ ನಮೂನೆಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಲಾಗಿದೆ. ವಾರ್ಡಿಗೊಂದರಂತೆ ತೆಗೆದುಕೊಂಡು, ಭರ್ತಿ ಮಾಡಿದ ಪ್ರತಿಯನ್ನು ನಡಾವಳಿಯ ನಕಲಿನೊಂದಿಗೆ ತಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ತಾಲ್ಲೂಕು ಪಂಚಾಯತಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಈಗ ತಮ್ಮ ಪ್ರಶ್ನೆಗಳನ್ನು ಕೇಳಬಹುದು.